ರೇಣುಕಾ ಸಿಸ್ಟರ್‌ಗೆ ನಾನು ಮಾಡಿದ ಉಪಕಾರ

ಹರ್ನಿಯಾ ಆಪರೇಷನ್ ಆದ ಮರುದಿನ ಬೆಳಿಗ್ಗೆ ಎದ್ದು ಹಾಸಿಗೆ ಸರಿ ಮಾಡಿದೆ. ಚಾದರದ ಮೂಲೆಗಳನ್ನು ಬಿಗಿಯಾಗಿ ಎಳೆದು ಸಿಕ್ಕಿಸಿ, ದಿಂಬು ತಟ್ಟಿ, ಹೊದಿಕೆ ಮಡಚಿ ಕಾಲಬದಿಗೆ ಇಟ್ಟೆ. (ಒಂದು ಕೈಗೆ ಡ್ರಿಪ್ ಚುಚ್ಚಿದ್ದರು, ನಿಜ. ಇನ್ನೊಂದು ಕೈ ಸುಮ್ಮನೇ ಇತ್ತಲ್ಲ?) ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು ಬದುಕಿದವನು ನಾನು. ನಿವೃತ್ತಿಯಾದ ಮೇಲೂ ಅದು ತಲೆಯೊಳಗೆ ಕೂಗುತ್ತಲೇ ಇರುತ್ತದೆ.

ಬಾಗಿಲಲ್ಲಿ ನರ್ಸ್ ರೇಣುಕಾ ನಿಂತಿದ್ದರು.

"ಯಾರ್ ಹೇಳ್ಯಾರ ನಿಮಗ ಏಳಾಕ?"

"ಯಾರೂ ಹೇಳಲಿಲ್ಲಮ್ಮ. ಅಭ್ಯಾಸ."

"ಹೊಲಿಗಿ ಬಿಚ್ಚಿದ್ರ ನಿಮ್ಮ ಅಭ್ಯಾಸ ಬಂದು ಹಾಕ್ತದೇನು? ಮಲಕೋರಿ ಅಜ್ಜಾರ."

ಮಲಗಿದೆ. ನನ್ನ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕುಳಿತು ಆ ಸಿಸ್ಟರನ್ನು ಭಕ್ತಿಯಿಂದ ನೋಡಿದಳು. ನನ್ನನ್ನು ಒಂದೇ ಮಾತಿಗೆ ಮಲಗಿಸಿದವರನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಆರ್.ಟಿ. ನಗರದ ಸಣ್ಣ ನರ್ಸಿಂಗ್ ಹೋಮ್ ಅದು. ಒಂದು ಲೋಟ ಕಾಫಿ ಮುಗಿಯುವುದರೊಳಗೆ ನನ್ನಾಕೆ ಸಮಾಚಾರ ಸಂಗ್ರಹಿಸಿದಳು. ರೇಣುಕಾ ಗದಗದ ಕಡೆಯವರು. ಓದಿದ್ದು ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ. ಇಡೀ ಮಹಡಿ ನಡೆಯುವುದು ಅವರಿಂದಲೇ. "ಆದ್ರೂ ಇನ್‌ಚಾರ್ಜ್ ಮಾಡಲ್ವಂತೆ ಕಣ್ರೀ. ಅದಕ್ಕೆ ಬಿ.ಎಸ್ಸಿ. ಬೇಕಂತೆ, ಪಾಪ."

ನನ್ನ ಪಿತ್ತ ನೆತ್ತಿಗೇರಿತು. ಯಾಕೆಂದರೆ ನಾನೂ ಡಿಪ್ಲೊಮಾದವನೇ. ಹೊಸದಾಗಿ ಬಂದ ಇಂಜಿನಿಯರೊಬ್ಬನಿಗೆ, ಮಷೀನ್ ಓಡುತ್ತಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಡಪ್ಪಾ ಎಂದು ಹೇಳಿಕೊಟ್ಟವನು ನಾನು. ಮುಂದೆ ಅದೇ ಬೆರಳುಗಳಿಂದ ಅವನು ನನ್ನ ರಜೆಗೆ ಸಹಿ ಹಾಕುತ್ತಿದ್ದ.

ಆ ನರ್ಸಿಂಗ್ ಹೋಮಿನ ಒಡೆಯರೇ ಆದ ಡಾಕ್ಟರ್ ರೌಂಡ್ಸಿಗೆ ಬಂದರು. "ಹೇಗಿದ್ದೀರಿ ಸರ್?" ಎಂದರು. ಅಷ್ಟೇ ಸಾಕಾಯಿತು. "ನಾನು ಚೆನ್ನಾಗಿದ್ದೀನಿ ಡಾಕ್ಟ್ರೇ. ಆದ್ರೆ ರೇಣುಕಾ ಸಿಸ್ಟರ್‌ಗೆ ಯಾಕ್ರೀ ಡಿಗ್ರಿ? ಅನುಭವವೇ ಡಿಗ್ರಿ. ಅವರು ಇನ್ನು ಕಲಿಯೋದು ಏನೂ ಇಲ್ಲ."

ಪಕ್ಕದ ಹಾಸಿಗೆಯಲ್ಲಿ ಯಶವಂತಪುರದ ಈರುಳ್ಳಿ ವ್ಯಾಪಾರಿ ಮಲಗಿದ್ದರು. "ಕರೆಕ್ಟಾಗ್ ಹೇಳಿದ್ರಿ ಸಾರ್. ನಮ್ ಮಂಡೀಲಿ ಈರುಳ್ಳಿ ನೋಡೋಕೆ ಯಾವನಿಗಿದೆ ಡಿಗ್ರಿ?"

ಡಾಕ್ಟರ್ ನಕ್ಕರು. ಅಗತ್ಯಕ್ಕಿಂತ ತುಸು ಹೆಚ್ಚೇ ಸಂತೋಷದಿಂದ ನಕ್ಕರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮಧ್ಯಾಹ್ನ ರೇಣುಕಾ ಬಿ.ಪಿ. ನೋಡಲು ಬಂದರು. ತೋಳಿಗೆ ಪಟ್ಟಿ ಸುತ್ತಿದ್ದು ಸ್ವಲ್ಪ ಬಿಗಿಯಾಗಿಯೇ ಇತ್ತು.

"ಅಜ್ಜಾರ, ಯಾರ್ ಹೇಳ್ಯಾರ ನಿಮಗ ಮಾತಾಡಾಕ?"

ನಡೆದದ್ದು ಇಷ್ಟು. ಕೆಲಸದಲ್ಲಿರುವ ಡಿಪ್ಲೊಮಾ ನರ್ಸ್‌ಗಳು ಇನ್ನೆರಡು ವರ್ಷ ಓದಿದರೆ ಬಿ.ಎಸ್ಸಿ. ಸಿಗುತ್ತದೆ. ರೇಣುಕಾಗೆ ಅದರ ಸೀಟು ಸಿಕ್ಕಿತ್ತು. ಓದಿ ವಾಪಸ್ ಬರುತ್ತೇನೆ, ರಜೆ ಕೊಡಿ ಎಂದು ಕೇಳಿದ್ದರು. ಡಾಕ್ಟರ್ ಮೀನಮೇಷ ಎಣಿಸುತ್ತಿದ್ದರು. ರೌಂಡ್ಸ್ ಮುಗಿದ ಮೇಲೆ ಕರೆದು ಹೇಳಿದರಂತೆ: "ಪೇಶಂಟ್‌ಗಳೇ ಹೇಳ್ತಿದಾರಲ್ಲಮ್ಮ, ನೀವು ಕಲಿಯೋದು ಏನೂ ಇಲ್ಲ ಅಂತ. ಹೀಗೇ ಇದ್ದುಬಿಡಿ."

"ಮತ್ತೆ ಇನ್‌ಚಾರ್ಜ್ ಪೋಸ್ಟ್?" ಎಂದೆ.

"ಅದಕ್ಕ ಡಿಗ್ರಿ ಬೇಕಂತರಿ."

ತೋಳಿನ ಪಟ್ಟಿ ಬಿಚ್ಚುತ್ತಾ ಮುಂದುವರಿಸಿದರು. "ನನಗ ಡಿಗ್ರಿ ಬ್ಯಾಡಂತ ನಾ ಅಂದಿದ್ನೇನ್ರಿ? ಹೊಸ ಔಷಧ ಬರ್ತಾವ, ಕೊಡ್ತೀನಿ. ಯಾಕ ಕೊಡಾಕತ್ತೀನಿ ಅನ್ನೂದೂ ಗೊತ್ತಾಗ್ಬೇಕಲ್ಲ? ನಿಮ್ಮ ಮೊಮ್ಮಗಳಿಗೆ ಸೀಟ್ ಸಿಕ್ಕಿದ್ರ, ಬ್ಯಾಡವ್ವ, ಅನುಭವ ಸಾಕು ಅಂತಿದ್ರೇನು?"

(ಮೊಮ್ಮಗಳು ಯಲಹಂಕದಲ್ಲಿ ಬಿ.ಇ. ಓದುತ್ತಿದ್ದಾಳೆ. ಎಂ.ಟೆಕ್. ಮಾಡು ಎಂದು ಅವಳ ಪ್ರಾಣ ತಿನ್ನುತ್ತಿರುವವನು ನಾನೇ. ಇದು ಸಿಸ್ಟರ್‌ಗೆ ಹೇಗೆ ಗೊತ್ತಾಯಿತು? ಪಕ್ಕದ ಕುರ್ಚಿ ಕಿಟಕಿಯ ಕಡೆ ನೋಡುತ್ತಿತ್ತು.)

ನರ್ಸ್‌ಗೆ ಡಿಗ್ರಿ ಬೇಕೇ? ಬೇಕು ಸ್ವಾಮಿ. ಡಾಕ್ಟರ ಬೋರ್ಡಿನಲ್ಲಿ ಹೆಸರಿನ ಮುಂದೆ ಎಷ್ಟು ಅಕ್ಷರ ಇವೆ ಎಂದು ಕತ್ತು ಚಾಚಿ ಓದುವವರು ನಾವು. ದಿನವಿಡೀ ಪಕ್ಕದಲ್ಲಿರುವವಳಿಗೆ ಮಾತ್ರ "ಸೇವಾ ಮನೋಭಾವ ಇದ್ದರೆ ಸಾಕು" ಎನ್ನುತ್ತೇವೆ. ದೇವರಂಥ ಸಿಸ್ಟರ್ ಎಂದು ಕೈ ಮುಗಿಯುತ್ತೇವೆ. ಅದರಲ್ಲೊಂದು ಅನುಕೂಲವಿದೆ. ದೇವರು ರಜೆ ಕೇಳುವುದಿಲ್ಲ, ಬಡ್ತಿಯನ್ನೂ ಕೇಳುವುದಿಲ್ಲ. ಹಾಗೆಯೇ, ಡಿಗ್ರಿ ಕಡ್ಡಾಯ ಎನ್ನುವವರು ಓದಲು ಬಿಡುವು ಕೊಡುವುದೂ ಕಡ್ಡಾಯ ಎಂದದ್ದನ್ನು ನಾನಂತೂ ಕೇಳಿಲ್ಲ.

ಮರುದಿನ ರೌಂಡ್ಸಿನಲ್ಲಿ ಮಾತು ತಿರುಗಿಸಿದೆ. "ಡಾಕ್ಟ್ರೇ, ಸಿಸ್ಟರ್ ಕಲಿಯೋದು ತುಂಬಾ ಇದೆ. ಕಳಿಸಿಕೊಡಿ."

"ನಿನ್ನೆ ಬೇರೆ ಥರ ಹೇಳಿದ್ರಲ್ಲ ಸರ್?"

"ನಿನ್ನೆ ಅನಸ್ತೇಸಿಯಾ ಇಳಿದಿರಲಿಲ್ಲ."

"ನೋಡೋಣ" ಎಂದರು ಡಾಕ್ಟರ್.

ಡಿಸ್ಚಾರ್ಜ್ ಆಗಿ ಹೊರಡುವಾಗ ರೇಣುಕಾರನ್ನು ಕೇಳಿದೆ. "ನೋಡೂಣು ಅಂದಾರ್ರಿ. ಅಡ್ಮಿಷನ್ ಈ ವಾರನ ಮುಗೀತೈತಿ. ನೀವು ಬಗ್ಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಹಾಸಿಗೆಗೆ ಹೋದರು.

ಬರುವ ವಾರ ಹೊಲಿಗೆ ಬಿಚ್ಚಿಸಲು ಹೋಗಬೇಕು. ರೇಣುಕಾರ ಪಳಗಿದ ಕೈ ಸಿಗದಿರಲಿ, ಯಾರೋ ಗುರುತಿಲ್ಲದ ಹೊಸಬಳು ಬಂದು ಬಿಚ್ಚಲಿ ಎಂದು ಹರಕೆ ಹೊತ್ತ ರೋಗಿ ಈ ಊರಲ್ಲಿ ಇನ್ನೊಬ್ಬನಿದ್ದಾನೆಯೇ?