ತಂತಿಯ ಎತ್ತರ

ಕಡೂರಿನಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಗಿಟಾರ್ ಕಲಿಸುತ್ತಿದ್ದ ಒಬ್ಬ ಮಾಸ್ಟರನ ಹತ್ತಿರ ನಾನು ವರ್ಷಕ್ಕೂ ಮೇಲೆ ಕಲಿತೆ. ಎದುರಿಗೆ ಸಾರ್ ಎಂದೇ ಕರೆಯುತ್ತಿದ್ದೆ. ಬರೆಯುವಾಗ ಅವನಿಗೆ ಬಹುವಚನ ಕೊಡಲು ಮನಸ್ಸು ಬರುತ್ತಿಲ್ಲ.

ನಾನು ತರೀಕೆರೆಯಲ್ಲಿ ಹಲ್ಲಿನ ಡಾಕ್ಟರು. ನಲವತ್ತು ದಾಟಿದ ಮೇಲೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹತ್ತಿತು. ಭಾನುವಾರ ಬೆಳಿಗ್ಗೆ ಅದನ್ನು ಬೆನ್ನಿಗೆ ಹಾಕಿಕೊಂಡು ಬಸ್ ಹತ್ತಿದರೆ ಪಕ್ಕದಲ್ಲಿ ಕೂತವರು, "ಏನಮ್ಮಾ ಅದು, ಔಷಧಿ ಹೊಡಿಯೋ ಮಿಷನ್ನಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಾದರೂ ಪ್ರಾಮಾಣಿಕತೆ ಇತ್ತು.

ಗಿಟಾರನ್ನು ಆರಿಸಿ ಕೊಡಿಸಿದವನು ಮಾಸ್ಟರನೇ. ಅದರ ತಂತಿಗಳು ಎಷ್ಟು ಎತ್ತರದಲ್ಲಿದ್ದವೆಂದರೆ ಅಡಿಯಲ್ಲಿ ಪೆನ್ಸಿಲ್ ತೂರಿಸಬಹುದಿತ್ತು. ಅಷ್ಟು ಕೆಳಗೆ ಒತ್ತಿ ಹಿಡಿದರೆ ಬೆರಳ ತುದಿಯಲ್ಲಿ ಗೀರು ಬೀಳುತ್ತಿತ್ತು. ಸೋಮವಾರ ಗ್ಲೌಸ್ ಹಾಕಿಕೊಳ್ಳುವಾಗ ಉರಿ. ಇದನ್ನು ಹೇಳಿದರೆ ಅವನು ಕಣ್ಣು ಮುಚ್ಚಿ, ಪೀಠದ ಮೇಲೆ ಕೂತ ಸ್ವಾಮಿಯಂತೆ ನಗುತ್ತಿದ್ದ.

"ಹಲ್ಲು ಕೀಳೋ ಕೈ ಕಣಮ್ಮ ನಿಮ್ದು. ನೋವು ತಿನ್ನದೆ ವಿದ್ಯೆ ಬರಲ್ಲ."

ನೋವನ್ನು ಹೀಗೆ ಮಾರಿದ್ದರೆ ನನ್ನ ಕ್ಲಿನಿಕ್ಕಿಗೆ ಜನ ಕಲ್ಲು ಹೊಡೆಯುತ್ತಿದ್ದರು. ಅವನ ಕೋಣೆಯಲ್ಲಿ ಮಾತ್ರ ಎಲ್ಲರೂ ಕೈಮುಗಿಯುತ್ತಿದ್ದರು. ನನ್ನ ಜೊತೆ ಲಿಂಗದಹಳ್ಳಿ ಕಡೆಯ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಕಲಿಯುತ್ತಿದ್ದರು. ಬೆರಳುಗಳಿಗೆ ಪ್ಲಾಸ್ಟರ್ ಸುತ್ತಿಕೊಂಡು ಬಂದು ಅದನ್ನು ಅವನಿಗೆ ಪದಕದಂತೆ ತೋರಿಸುತ್ತಿದ್ದರು. ಅವನು "ಭೇಷ್" ಎನ್ನುತ್ತಿದ್ದ.

ಅಜ್ಜಂಪುರದ ಕಲ್ಯಾಣ ಮಂಟಪವೊಂದರಲ್ಲಿ ಆರತಕ್ಷತೆಗೆ ಅವನ ಆರ್ಕೆಸ್ಟ್ರಾ ಇತ್ತು. ವೇದಿಕೆ ತುಂಬಿದಂತೆ ಕಾಣಲಿ ಎಂದು ನನ್ನನ್ನೂ ಹಿಂದಿನ ಕುರ್ಚಿಯಲ್ಲಿ ಕೂರಿಸಿದ್ದ. ಒಂದು ಹಾಡಿನ ನಡುವೆ ಅವನ ತಂತಿ ಹರಿಯಿತು. ತನ್ನ ಗಿಟಾರನ್ನು ನನ್ನ ಮಡಿಲಿಗೆ ತುರುಕಿ ನನ್ನದನ್ನು ಕಿತ್ತುಕೊಂಡ. ನಂತರ ಕೇಳಿಸಿದ್ದು ಸಂಗೀತವಲ್ಲ. ಸ್ವರಗಳು ಅರ್ಧಕ್ಕೇ ಉಸಿರು ಬಿಡುತ್ತಿದ್ದವು. ಅವನ ಹಣೆಯಲ್ಲಿ ಬೆವರು. ಹಾಡು ಹೇಗೋ ಮುಗಿದಾಗ ಮೈಕಿನಲ್ಲೇ, "ಲೇಡೀಸ್ ಗಿಟಾರ್ ಕಣ್ರೀ, ಏನ್ಮಾಡೋದು!" ಎಂದ. ಊಟದ ಆತುರದಲ್ಲಿದ್ದ ಜನ ನಕ್ಕರು.

ಅಷ್ಟರಲ್ಲಿ ನಾನು ಅವನ ಗಿಟಾರಿನ ಉಳಿದ ತಂತಿಗಳನ್ನು ಒತ್ತಿ ನೋಡಿದ್ದೆ. ಬೆಣ್ಣೆ! ಬೆರಳು ಇಟ್ಟರೆ ಸಾಕು, ಸ್ವರ ಬರುತ್ತಿತ್ತು.

"ಸಾರ್, ನಿಮ್ಮ ತಂತಿ ಇಷ್ಟು ಕೆಳಗಿದೆಯಲ್ಲ?" ಎಂದು ಕೇಳಿದೆ.

"ನಂದು ಬಿಡಿ, ಶಿವಮೊಗ್ಗದಲ್ಲಿ ಸೆಟ್ ಮಾಡ್ಸಿದ್ದು. ಕಲಿಯೋರಿಗೆ ಅದೆಲ್ಲ ಯಾಕೆ? ಒಸಿ ಕಷ್ಟ ಬೀಳ್ಲಿ."

ನಾಚಿಕೆ ಎಂಬುದು ಆ ಮುಖದ ಹತ್ತಿರವೂ ಸುಳಿಯಲಿಲ್ಲ.

ಆ ವಾರವೇ ತೆಳುವಾದ ತಂತಿಗಳನ್ನು ತರಿಸಿಕೊಂಡೆ. ರೋಗಿಗಳಿಲ್ಲದ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ನೋಡಿಕೊಂಡು ಕೆಲಸಕ್ಕೆ ಕೂತೆ. ಹೊಸ ತಂತಿ ಕಟ್ಟಿ ಶ್ರುತಿ ಮಾಡಿದೆ. ಗಿಟಾರಿನ ಕತ್ತು ಬಿಲ್ಲಿನಂತೆ ಬಾಗಿತ್ತು. ಅದರೊಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳಿರುತ್ತದೆ. ಅಲೆನ್ ಕೀ ಹಾಕಿ ಅದನ್ನು ಚೂರೇ ಬಿಗಿಮಾಡಿದೆ, ಮತ್ತೆ ಶ್ರುತಿ ನೋಡಿದೆ, ಮತ್ತೆ ಚೂರು. ಕತ್ತು ನೆಟ್ಟಗಾದ ಮೇಲೆ ಬುಡದಲ್ಲಿ ಪ್ರತಿ ತಂತಿಯನ್ನೂ ಎತ್ತಿ ಹಿಡಿದಿದ್ದ ಪುಟ್ಟ ಸ್ಕ್ರೂಗಳನ್ನು ಇಳಿಸಿದೆ. ಆತುರದಲ್ಲಿ ಜಾಸ್ತಿಯೇ ಇಳಿಸಿಬಿಟ್ಟೆ. ತಂತಿ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ ತಾಗಿ ನೊಣದಂತೆ ಜುಂಯ್‌ಗುಟ್ಟಿತು. ಕೂದಲೆಳೆಯಷ್ಟು ಮೇಲೆತ್ತಿದೆ, ಸದ್ದು ನಿಂತಿತು. ಹಲ್ಲಿಗೆ ಕ್ಯಾಪ್ ಕೂರಿಸುವಾಗಲೂ ಇಷ್ಟೇ. ತುಸು ಎತ್ತರವಾದರೆ ಅನ್ನ ಅಗಿಯಲಾಗುವುದಿಲ್ಲ. ಅದಕ್ಕೆ ಯಾರೂ ರೋಗಿಯ ದವಡೆಯನ್ನು ಬೈಯುವುದಿಲ್ಲ.

ಮುಂದಿನ ಭಾನುವಾರ ಕಡೂರಿಗೆ ಹೋಗಿ, ವರ್ಷವೆಲ್ಲ ಬಾರದಿದ್ದ ಪಾಠವನ್ನು ನಿಲ್ಲದೆ ನುಡಿಸಿದೆ. ಮಾಸ್ಟರ್ ಎದೆಯುಬ್ಬಿಸಿದ.

"ನೋಡಿದ್ರಾ? ನಾನು ಹೇಳಿರ್ಲಿಲ್ವಾ, ಬೆರಳು ಗಟ್ಟಿಯಾಯ್ತು!"

"ಬೆರಳಲ್ಲ ಸಾರ್, ಸ್ಕ್ರೂ."

ಕಂಡಕ್ಟರು ತಲೆ ಎತ್ತಿದರು. "ಒಸಿ ನಂದೂ ನೋಡಿ ಡಾಕ್ಟ್ರಮ್ಮ," ಎಂದು ಗಿಟಾರ್ ಚಾಚಿದರು. ಚೀಲದಿಂದ ಅಲೆನ್ ಕೀ ತೆಗೆದೆ. "ಇಲ್ಲಿ ರಿಪೇರಿ ಮಾಡಂಗಿಲ್ಲ! ಅವರ ಶ್ರದ್ಧೆ ಹಾಳ್ಮಾಡ್ಬೇಡಿ!" ಎಂದು ಮಾಸ್ಟರ್ ಕೂಗಾಡಿದ. ನಾನು ಅವನ ಕಡೆ ನೋಡದೆ ಸ್ಕ್ರೂ ತಿರುಗಿಸಿದೆ. ಕಂಡಕ್ಟರು ಒತ್ತಿ ನೋಡಿದರು. ಮೊದಲ ಸಲ ಆರೂ ತಂತಿಗಳು ಒಟ್ಟಿಗೆ ನುಡಿದವು. ಅವರ ಬಾಯಿ ತೆರೆದೇ ಉಳಿಯಿತು. ಆಮೇಲೆ ಮಾಸ್ಟರನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಥೂ, ಇಷ್ಟೇನಾ!" ಎಂದರು.

ನಾವಿಬ್ಬರೂ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಅವನ ಕ್ಲಾಸು ಇನ್ನೂ ನಡೆಯುತ್ತಿದೆ, ಬೆರಳು ಕೊಯ್ಯಿಸಿಕೊಳ್ಳಲು ಜನ ಹೋಗುತ್ತಲೂ ಇದ್ದಾರೆ. ನಾನು ಅವನ ಶಿಷ್ಯೆ ಎಂದು ಹೇಳಿಕೊಂಡು ತಿರುಗುತ್ತಾನಂತೆ. ಕಂಡಕ್ಟರು ತರೀಕೆರೆಗೆ ಬಂದಾಗ ನಮ್ಮ ಮನೆಗೆ ಬಂದು ಹಳೆಯ ಹಾಡುಗಳನ್ನು ನುಡಿಸುತ್ತಾರೆ. ತಾಳ ಆಗಾಗ ತಪ್ಪುತ್ತದೆ. ತಪ್ಪಿದಾಗ ನಕ್ಕು, ಮೊದಲಿಂದ ಶುರುಮಾಡುತ್ತಾರೆ.