ನನ್ನ ಬಾಯಿ ಮೂಸಿದ ಅಜ್ಜಿ

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸನ್ನು ಸೇಂದಿ ಕುಡಿದ ಮತ್ತಿನಲ್ಲಿ ಕಬ್ಬಿನ ಗದ್ದೆಗೆ ನುಗ್ಗಿಸಿದವನು ನಾನೇ. ಬಸ್ಸಿನಲ್ಲಿದ್ದ, ಬಾಳೆಹಣ್ಣು ಮಾರುವ ಅಜ್ಜಿಯ ಕೈ ಮುರಿಯಿತು. ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸದೆ, ಲೈಸೆನ್ಸು ಕಿತ್ತುಕೊಂಡು, ಒಂದು ವರ್ಷ ಒಬ್ಬ ಅಧಿಕಾರಿಯ ನಿಗಾದಲ್ಲಿಟ್ಟರು. ಆ ಪುಣ್ಯಾತ್ಮರಿಗೆ ದಿನಾ ಬಳ್ಳಾರಿಯಿಂದ ಬರಲಾಗಲಿಲ್ಲ. ನಾನು ಕುಡಿದಿದ್ದೇನೋ ಇಲ್ಲವೋ ಎಂದು ಮೂಸಿ ನೋಡುವ ಕೆಲಸವನ್ನು ಅದೇ ಅಜ್ಜಿಗೆ ಒಪ್ಪಿಸಿಬಿಟ್ಟರು!

ಅದೇ ಬಸ್ಸಿಗೆ ನಾನು ಕ್ಲೀನರ್ ಆದೆ. ದಿನಾ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅಜ್ಜಿ, "ಬಾಯಿ ತಗೀಲೇ" ಅನ್ನುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಎಲೆಅಡಿಕೆ ಜಗಿಯುತ್ತ ಹೋದೆ.

"ವಾಸನಿ ಮುಚ್ಚಾಕ ಹಾಕ್ಕೊಂಡಿಯೇನು? ಉಗುಳಿ, ಬಾಯಿ ತೊಳ್ಕೊಂಡು ಬಾ."

ಅವತ್ತು ಮುಚ್ಚಲು ಏನೂ ಇರಲಿಲ್ಲ. ಆದರೂ ತೊಳೆದುಕೊಂಡು ಬಂದೆ.

ವರ್ಷ ತುಂಬಿ ಲೈಸೆನ್ಸು ಕೈಗೆ ಬಂದ ದಿನ ಸ್ಟೇರಿಂಗ್ ಹಿಡಿದು ಕೂತೆ. ಅಪಘಾತದ ನಂತರ ಕಂಪ್ಲಿಗೆ ಎತ್ತಿನ ಬಂಡಿಯಲ್ಲೇ ಹೋಗುತ್ತಿದ್ದ ಅಜ್ಜಿ, ಬುಟ್ಟಿ ಸಮೇತ ಬಸ್ಸು ಹತ್ತಿ ಸರಿಯಾಗಿ ನನ್ನ ಬೆನ್ನ ಹಿಂದೆ ಕೂತಳು. ರೂಢಿಯಂತೆ ನಾನು ತಿರುಗಿ ಬಾಯಿ ತೆರೆದೆ.

"ಬಾಯಿ ಮುಚ್ಚಪ್ಪ," ಅಂದಳು. "ಜಲ್ದಿ ಗಾಡಿ ಬಿಡು, ಸಂತಿಗೆ ಹೊತ್ತಾತು."