ಬಿದ್ದವರು ಮೊದಲು ನೋಡುವುದು

ನಲವತ್ತು ದಾಟಿದ ಮನುಷ್ಯ ನಡುಬೀದಿಯಲ್ಲಿ ಜಾರಿ ಬಿದ್ದಾಗ ಮೊದಲು ನೋಡುವುದು ತನ್ನ ಮೊಣಕಾಲನ್ನಲ್ಲ, ಸುತ್ತಮುತ್ತಲಿನ ಜನರನ್ನು. ನಂಬಿಕೆ ಬಾರದಿದ್ದರೆ ಮಳೆ ಬಂದ ಮರುದಿನ ನಮ್ಮ ಸಿಂಧನೂರಿನ ಬಸ್ ನಿಲ್ದಾಣದ ಎದುರು ಸ್ವಲ್ಪ ಹೊತ್ತು ನಿಂತು ನೋಡಿ. ಎರೆಮಣ್ಣಿನ ಕೆಸರಿನಲ್ಲಿ ಕಾಲು ಜಾರಿದ ಸದ್ಗೃಹಸ್ಥರು, ಮೂಳೆ ಮುರಿದಿದೆಯೋ ಇಲ್ಲವೋ ಎಂಬ ಗೌಣ ವಿಷಯವನ್ನು ಆಮೇಲೆ ವಿಚಾರಿಸಿಕೊಂಡರಾಯಿತೆಂದು, ಮೊದಲು ಎಡಕ್ಕೂ ಬಲಕ್ಕೂ ಕಣ್ಣು ಹಾಯಿಸುತ್ತಾರೆ. ಯಾರೂ ನೋಡಿಲ್ಲವೆಂದು ಖಾತ್ರಿಯಾದರೆ ಅರ್ಧ ನೋವು ಅಲ್ಲಿಗೇ ಇಳಿಯುತ್ತದೆ. ಮಕ್ಕಳು ಹಾಗಲ್ಲ. ಬಿದ್ದ ಕೂಡಲೇ ಮೊಣಕಾಲು ನೋಡಿಕೊಳ್ಳುತ್ತವೆ, ರಕ್ತ ಬಂದಿದ್ದರೆ ಅಳುತ್ತವೆ, ಬರದಿದ್ದರೆ ಎದ್ದು ಓಡುತ್ತವೆ. ಈ ಭೇದವನ್ನು ನಾನು ಯಾವ ಗ್ರಂಥದಿಂದಲೂ ತಿಳಿದವನಲ್ಲ. ಬಿದ್ದು ಬಿದ್ದೇ ಸಂಪಾದಿಸಿದ ಜ್ಞಾನ ಇದು.

ಇದಕ್ಕೆಲ್ಲ ಕಾರಣ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ತಮ್ಮ. ಮೂರನೆಯ ತರಗತಿಯಲ್ಲಿರುವ ನನ್ನ ಮಗಳು ಸ್ಫೂರ್ತಿಗೆ ಅವನು ಒಂದು ಸ್ಕೇಟ್‌ಬೋರ್ಡ್ ತಂದುಕೊಟ್ಟ. ಒಂದು ಹಲಗೆ, ಕೆಳಗೆ ನಾಲ್ಕು ಪುಟ್ಟ ಗಾಲಿ. ಹಿಡಿದುಕೊಳ್ಳಲು ಹಿಡಿಕೆಯಿಲ್ಲ, ನಿಲ್ಲಿಸಲು ಬ್ರೇಕಿಲ್ಲ. ಮಗಳು ಅದನ್ನು ತಿರುಗಾ ಮುರುಗಾ ಪರೀಕ್ಷಿಸಿ, ನನ್ನ ಕಡೆ ತಿರುಗಿ, "ಅಪ್ಪಾ, ನೀನೂ ಕಲಿ. ನಾ ಬಿದ್ರ ನೀ ಎಬ್ಬಸು, ನೀ ಬಿದ್ರ ನಾ ಎಬ್ಬಸ್ತೀನಿ" ಎಂದಳು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಸಮತೋಲನದ ಬಗ್ಗೆ ನಿಂತ ನಿಲುವಿನಲ್ಲಿ ಎಷ್ಟು ಹೊತ್ತಾದರೂ ಮಾತನಾಡಬಲ್ಲೆನಾದ್ದರಿಂದ ಹಲಗೆಯ ಮೇಲೆ ನಿಲ್ಲುವುದೇನು ಮಹಾ ಎಂದುಕೊಂಡು ಒಪ್ಪಿದೆ.

ಆದರೆ ನಮ್ಮ ಕಡೆ ಗಾಲಿಯಿದ್ದದ್ದೆಲ್ಲ ವಾಹನ, ವಾಹನವೆಂದ ಮೇಲೆ ಪೂಜೆಯಾಗದೆ ಅಂಗಳ ದಾಟುವಂತಿಲ್ಲ. ನನ್ನ ಅವ್ವ ಹಲಗೆಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಸುತ್ತಿ, ಕಾಯಿ ಒಡೆದು, ಹೊಸ ಟ್ರ್ಯಾಕ್ಟರಿಗೆ ಇಡುವ ಹಾಗೆಯೇ ಗಾಲಿಗೊಂದರಂತೆ ನಿಂಬೆಹಣ್ಣು ಇಟ್ಟಳು. "ಮನಿ ಯಜಮಾನ ಮೊದ್ಲು ಹತ್ತಬೇಕು" ಎಂದು ಅಪ್ಪಣೆಯೂ ಆಯಿತು. ಟ್ರ್ಯಾಕ್ಟರಿನ ಗಾಲಿ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿಕೊಂಡು ಹೋಗುತ್ತದೆ. ಈ ಗಾಲಿಯೋ ನಿಂಬೆಹಣ್ಣಿನಷ್ಟೇ ಇತ್ತು. ಓದಿದವನಿಗೆ ಇದು ಹೊಳೆಯಬೇಕಿತ್ತು. ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದರಿಂದ ನೆಲವನ್ನು ಜೋರಾಗಿ ಒದ್ದೆ. ಹಲಗೆ ನಿಂಬೆಹಣ್ಣಿಗೆ ಮರ್ಯಾದೆ ಕೊಟ್ಟು ನಿಂತಲ್ಲೇ ನಿಂತಿತು. ಜಡತ್ವದ ನಿಯಮವನ್ನು ವರ್ಷವರ್ಷವೂ ಬೋಧಿಸುತ್ತ ಬಂದಿದ್ದ ನನ್ನ ದೇಹ ಮಾತ್ರ ಆ ನಿಯಮಕ್ಕೆ ವಿಧೇಯವಾಗಿ ಮುಂದಕ್ಕೆ ಪ್ರಯಾಣ ಬೆಳೆಸಿತು. ಅವ್ವ ಓಡಿಬಂದು, ನನ್ನನ್ನು ದಾಟಿ, ನಿಂಬೆಹಣ್ಣು ಒಡೆಯದೆ ಉಳಿದದ್ದಕ್ಕೆ ಪೇಚಾಡಿದಳು. ನಾನು ಬಿದ್ದಲ್ಲಿಂದಲೇ ಸುತ್ತ ನೋಡಿದೆ. ಎದುರು ಮನೆಯ ಖಾದರ್ ಸಾಹೇಬರು ಮುಖವನ್ನು ಪೇಪರಿನ ಹಿಂದೆ ಮುಚ್ಚಿಕೊಂಡಿದ್ದರು, ಪೇಪರು ಅಲುಗಾಡುತ್ತಿತ್ತು.

ಖಾದರ್ ಸಾಹೇಬರದು ಕಾಲುವೆಯ ಪಕ್ಕ ಒಂದು ಅಕ್ಕಿ ಗಿರಣಿ. ನಗು ಮುಗಿದ ಮೇಲೆ ಕರುಣೆ ಹುಟ್ಟಿರಬೇಕು, ಸಂಜೆ ಬಂದು, "ಸರ್, ನಮ್ಮ ಮಿಲ್ಲಿನ ಕಣ ಈಗ ಖಾಲಿ ಐತ್ರಿ. ಅಲ್ಲಿ ಆರಾಮ ಬೀಳ್ರಿ, ಯಾರೂ ನೋಡಂಗಿಲ್ಲ" ಎಂದರು. ಬೇಯಿಸಿದ ಭತ್ತ ಒಣಗಿಸುವ ಆ ಸಿಮೆಂಟಿನ ಕಣ, ಸುಗ್ಗಿಯಿಲ್ಲದ ದಿನಗಳಲ್ಲಿ ಬಟಾಬಯಲು. ಧಾನ್ಯ ಒಣಗುವ ಜಾಗದಲ್ಲಿ ಚಪ್ಪಲಿ ಮೆಟ್ಟಬಾರದೆಂದು ಅವನ್ನು ಅಂಚಿನಲ್ಲಿ ಬಿಟ್ಟು, ಅಪ್ಪ ಮಗಳಿಬ್ಬರೂ ಬರಿಗಾಲಿನಲ್ಲೇ ಹಲಗೆ ಹತ್ತುತ್ತಿದ್ದೆವು. ಅವಳು ಬೇಗ ಕಲಿತಳು. ಬಿದ್ದರೆ ಮೊಣಕಾಲು ನೋಡಿಕೊಂಡು, ಎರಡು ಸಲ ಊದಿ, "ಏನೂ ಆಗಿಲ್ಲಪಾ!" ಎಂದು ಕೂಗಿ ನನ್ನತ್ತ ಕೈ ಚಾಚುತ್ತಿದ್ದಳು. ನಾನು ಬಿದ್ದರೆ ನನ್ನ ಮೊಣಕಾಲನ್ನೂ ಅವಳೇ ನೋಡಿ, ಅದೇ ತೀರ್ಪು ಕೊಟ್ಟು, ತನ್ನ ಎರಡೂ ಕೈಗಳಿಂದ ನನ್ನ ಒಂದು ಕೈ ಎಳೆಯುತ್ತಿದ್ದಳು. ಆ ಸಂಜೆಗಳಲ್ಲಿ ನನಗಾದ ಸಂತೋಷ ಇತ್ತೀಚಿನ ವರ್ಷಗಳಲ್ಲಿ ಬೇರೆ ಯಾವುದರಿಂದಲೂ ಆಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಒಂದು ಸಂಜೆ ನಮ್ಮ ಕಾಲೇಜಿನ ಪ್ರಾಂಶುಪಾಲರು, ಇಬ್ಬರು ಸಹೋದ್ಯೋಗಿಗಳೊಂದಿಗೆ, ತಮ್ಮ ಹೊಸಮನೆಯ ಗೃಹಪ್ರವೇಶಕ್ಕೆ ಅಕ್ಕಿ ಕೊಳ್ಳಲು ಅದೇ ಗಿರಣಿಗೆ ಬಂದರು. ನಾನು ಪ್ಯಾಂಟು ಮಡಚಿ, ಕೈಗಳನ್ನು ಎರಡೂ ಕಡೆ ಚಾಚಿ, ಹಲಗೆಯ ಮೇಲೆ ತೇಲಿ ಬರುತ್ತಿದ್ದೆ. ಅವರನ್ನು ಕಂಡದ್ದೇ ತಡ, ಜಿಗಿದು ಇಳಿದೆ. ಅಷ್ಟು ಚಂದವಾಗಿ ನಾನು ಎಂದೂ ಇಳಿದಿರಲಿಲ್ಲ. "ಏನ್ ಸರ್ ಇದು?" ಎಂದು ಅವರು ಹುಬ್ಬೇರಿಸಿದಾಗ ನನ್ನ ಬಾಯಿಂದ ಬಂದ ಮಾತು ಇದು: "ನಂದೇನಿಲ್ರಿ ಸರ್, ಈ ಹುಡುಗಿ ಹಟಾನ ಹಟ. ಹೆಣ್ಣಮಕ್ಕಳಿಗೆ ಇದೆಲ್ಲ ಬ್ಯಾಡ ಅಂದ್ರ ಕೇಳಂಗಿಲ್ರಿ. ಹಿಡಕೊಳ್ಳಾಕ ಬಂದೀನಿ, ಅಷ್ಟ."

ಪ್ರಾಂಶುಪಾಲರು ಅವಳ ತಲೆ ಸವರಿ, "ಅಪ್ಪ ಹೇಳಿದ್ದು ಕೇಳಬೇಕವಾ" ಎಂದು ಬುದ್ಧಿ ಹೇಳಿ ಹೋದರು. ಅವಳು ಹಲಗೆಯನ್ನು ಎತ್ತಿ ಎದೆಗವಚಿಕೊಂಡು ನನ್ನ ಮುಖವನ್ನೇ ನೋಡಿದಳು. ಬೈಕಿನ ಹಿಂದೆ ಕೂತವಳು ಹಲಗೆಯನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡಳು. ನಾನು ಕನ್ನಡಿಯಲ್ಲಿ ಅವಳನ್ನು ನೋಡುವ ಧೈರ್ಯ ಮಾಡಲಿಲ್ಲ. ಹೆಣ್ಣುಮಕ್ಕಳಿಗೆ ಇದು ಬೇಡವೆಂದು ನಾನು ಎಂದೂ ಹೇಳಿರದ ಮಾತನ್ನು, ಅವಳ ಎದುರಿಗೇ, ನನ್ನ ಮಾನ ಉಳಿಸಿಕೊಳ್ಳಲು ಹೇಳಿದ್ದೆ.

ಮರುದಿನ ನಾನು ಕರೆದದ್ದಕ್ಕೆ ಬಂದಳು. ಕಣದ ಆಚೆ ತುದಿಯಲ್ಲಿ ನಾಲ್ಕಾರು ಹೆಂಗಸರು ಚೀಲ ಜಾಡಿಸುತ್ತಿದ್ದರು. ಹೊರಟ ಸ್ವಲ್ಪ ದೂರದಲ್ಲೇ ಸ್ಫೂರ್ತಿ ಬಿದ್ದಳು. ಬಿದ್ದವಳು ಮೊಣಕಾಲು ನೋಡಿಕೊಳ್ಳಲಿಲ್ಲ. ಮೊದಲು ಆ ಹೆಂಗಸರ ಕಡೆ ನೋಡಿದಳು, ಆಮೇಲೆ ಪ್ರಾಂಶುಪಾಲರು ಬಂದಿದ್ದ ಗೇಟಿನ ಕಡೆ. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ನಾನು ಓಡಿಹೋಗಿ ಕೈ ಚಾಚಿದರೆ, "ನಾ ಏಳ್ತೀನಿ" ಎಂದು ತಾನೇ ಎದ್ದಳು. ನಲವತ್ತು ವರ್ಷ ಬೇಕಾಗುವ ವಿದ್ಯೆಯನ್ನು ನಾನು ಮಗಳಿಗೆ ಒಂದೇ ಸಂಜೆಯಲ್ಲಿ ಕಲಿಸಿಬಿಟ್ಟಿದ್ದೆ. ನಾಚಿಕೆಯಾಯಿತು ಎಂದರೆ ಸಾಲದು. ಊಟ ಸೇರಲಿಲ್ಲ, ತರಗತಿಯಲ್ಲಿ ಪಾಠ ಓಡಲಿಲ್ಲ, ಪ್ರಾಂಶುಪಾಲರು ನಕ್ಕು ನಮಸ್ಕಾರ ಹೇಳಿದರೆ ಪ್ರಯೋಗಾಲಯದೊಳಗೆ ನುಸುಳಿಕೊಳ್ಳುತ್ತಿದ್ದೆ.

ಗೃಹಪ್ರವೇಶ ಮಸ್ಕಿಯಲ್ಲಿ, ಭಾನುವಾರ. ಅಪ್ಪ ಮಗಳಿಬ್ಬರೂ ಲಿಂಗಸುಗೂರಿನ ದಾರಿ ಹಿಡಿದು ಬೈಕಿನಲ್ಲಿ ಹೊರಟೆವು. ಹಲಗೆಯನ್ನು ಚೀಲದಲ್ಲಿ ಹಾಕಿ ಕಟ್ಟಿಕೊಂಡಿದ್ದೆ. "ಇದ್ಯಾಕಪ್ಪಾ?" ಎಂದು ಅವಳು ಕೇಳಿದ್ದಕ್ಕೆ ಬೈಕಿನ ವೇಗ ಹೆಚ್ಚಿಸಿದೆ, ಮಸ್ಕಿ ಮುಟ್ಟುವುದರೊಳಗೆ ನನ್ನ ಧೈರ್ಯ ಇಳಿದುಹೋದರೆ ಎಂಬ ಭಯ. ಹೊಸಮನೆಯ ಮುಂದೆ ಹೊಸ ಕಾಂಕ್ರೀಟ್ ರಸ್ತೆ, ರಸ್ತೆಯ ಬದಿಗೆ ಶಾಮಿಯಾನ, ಶಾಮಿಯಾನದ ತುಂಬ ಊಟದ ಪಂಕ್ತಿಗೆ ಕಾದು ಕೂತ ರೇಷ್ಮೆ ಸೀರೆಗಳು, ಇಸ್ತ್ರಿ ಮಾಡಿದ ಅಂಗಿಗಳು, ನಮ್ಮ ಕಾಲೇಜಿನ ಅರ್ಧ ಸಿಬ್ಬಂದಿ. ಬಾಗಿಲಲ್ಲಿದ್ದ ಪ್ರಾಂಶುಪಾಲರ ಬಳಿ ಹೋಗಿ, "ಸರ್, ಅವತ್ತು ಮಿಲ್ಲಿನ್ಯಾಗ ನಾ ಸುಳ್ಳು ಹೇಳಿದ್ನಿರಿ. ಹಟ ನಮ್ಮ ಹುಡುಗೀದಲ್ಲ. ಆಕಿ ಸಂಗಟ ನಾನೂ ಕಲಿಯಾಕತ್ತೀನಿ" ಎಂದೆ. ಗಡಿಬಿಡಿಯಲ್ಲಿದ್ದ ಅವರಿಗೆ ತಲೆಬುಡ ತಿಳಿಯದೆ, "ಆಗ್ಲಿರಿ, ಊಟ ಮಾಡ್ರಿ" ಎಂದರು. ಮಾತಿನಿಂದ ಆಗುವ ಕೆಲಸವಲ್ಲವೆಂದು ಚಪ್ಪಲಿ ಬಿಟ್ಟು, ಹಲಗೆಯನ್ನು ರಸ್ತೆಗಿಳಿಸಿ, ಹತ್ತಿದೆ.

ಶಾಮಿಯಾನದ ಅರ್ಧದವರೆಗೆ ನಾನು ಹೋದದ್ದಕ್ಕೆ ಸಾಕ್ಷಿಗಳಿದ್ದಾರೆ. ಆದರೆ ದೃಷ್ಟಿಗೆಂದು ಹೊಸ್ತಿಲ ಮುಂದೆ ಒಡೆದಿದ್ದ ಬೂದುಗುಂಬಳದ ಹೋಳೊಂದು ರಸ್ತೆಗೆ ಬಂದು ಬಿದ್ದಿತ್ತು. ಪೂಜೆಗಿಟ್ಟ ಕಾಯಿಪಲ್ಯಗಳಿಗೂ ನನಗೂ ಯಾವ ಜನ್ಮದ ವೈರವೋ ಕಾಣೆ. ಗಾಲಿ ಅದಕ್ಕೆ ತಗುಲಿ ನಿಂತಿತು, ನಾನು ನಿಲ್ಲಲಿಲ್ಲ.

ಆಗ ನಾನು ಮೊದಲು ಮೊಣಕಾಲನ್ನು ನೋಡಿಕೊಂಡೆನೆಂದು ಬರೆಯಲು ಆಸೆಯೇನೋ ಇದೆ. ಆದರೆ ಹಳೆಯ ಚಾಳಿ, ಕಣ್ಣು ಸುತ್ತಲೇ ಹೋಯಿತು. ಕೆಲವರು ನಗುತ್ತಿದ್ದರು, ಕೆಲವರು ಫೋನು ಎತ್ತಿ ಹಿಡಿದಿದ್ದರು. ಆ ಸಂದಣಿಯನ್ನು ಸೀಳಿಕೊಂಡು ಸ್ಫೂರ್ತಿ ಓಡಿಬಂದಳು. ಅವಳು ಯಾರನ್ನೂ ನೋಡಲಿಲ್ಲ, ಮಂಡಿಯೂರಿ ಕೂತು ನನ್ನ ಮೊಣಕಾಲಿಗೆ ಎರಡು ಸಲ ಊದಿದಳು. ಪ್ರಾಂಶುಪಾಲರು ಗಾಬರಿಯಿಂದ ಹತ್ತಿರ ಬಂದು, "ಏನಾತವಾ ನಿಮ್ಮಪ್ಪಗ?" ಎಂದರು. ಎರಡೂ ಕೈಗಳಿಂದ ನನ್ನ ಕೈ ಎಳೆಯುತ್ತ, ಶಾಮಿಯಾನಕ್ಕೆಲ್ಲ ಕೇಳುವಂತೆ ಅವಳು ಹೇಳಿದಳು: "ಏನೂ ಆಗಿಲ್ರಿ. ನಮ್ಮಪ್ಪ ಇನ್ನಾ ಕಲಿಯಾಕತ್ತಾನ."

ಗಿರಣಿಯ ಕಣದಲ್ಲಿ ನಾನು ಅವಳ ಬಗ್ಗೆ ಹೇಳಬೇಕಾಗಿದ್ದ ಮಾತು ಇಷ್ಟೇ ಇತ್ತು. ತಲೆ ತಗ್ಗಿಸಿದೆ. ತಗ್ಗಿಸಿದ ಮೇಲೆ ಮೊಣಕಾಲು ಕಾಣಿಸಿತು, ರಕ್ತ ಬರುತ್ತಿತ್ತು.